375 ಎಚ್‌ಪಿ ಎಲ್ಲಿ ಹೋಯ್ತು: 1969ರ ಜಿಟಿಎಕ್ಸ್ 440 ರಿಪೇರಿ ಲಾಗ್

1969ರ ಪ್ಲಿಮತ್ ಜಿಟಿಎಕ್ಸ್ ಕಾರಿನ 440 ಘನ ಇಂಚಿನ ಸೂಪರ್ ಕಮಾಂಡೊ ಎಂಜಿನ್‌ಗೆ ಕಂಪನಿ ಕೊಟ್ಟ ಅಂಕಿ 375 ಎಚ್‌ಪಿ, 4600 ಆರ್‌ಪಿಎಂನಲ್ಲಿ. ಟಾರ್ಕ್ (ತಿರುಗಿಸೋ ಬಲ) 480 ಪೌಂಡ್-ಅಡಿ, 3200ರಲ್ಲಿ. ನಮ್ಮ ಭಾವನ ಕಾರು ಮಿಷಿಗನ್‌ನ ಮಿಲಾನ್ ಡ್ರ್ಯಾಗ್ ಟ್ರ್ಯಾಕ್‌ನಲ್ಲಿ ಕಾಲು ಮೈಲಿ ಓಡಿದಾಗ ಚೀಟಿಯಲ್ಲಿ ಬಂದಿದ್ದು 14.92 ಸೆಕೆಂಡು, ಗಂಟೆಗೆ 93.1 ಮೈಲಿ. ಡ್ರೈವರ್ ಸಮೇತ ಕಾರಿನ ತೂಕ 4050 ಪೌಂಡ್. ಇಷ್ಟು ತೂಕದ ಕಾರು ಆ ವೇಗ ಮುಟ್ಟೋಕೆ ಹೆಚ್ಚು ಕಡಿಮೆ 255 ಎಚ್‌ಪಿ ಸಾಕು. ಅಂದ್ರೆ 120 ಎಚ್‌ಪಿ, 120 ಕುದುರೆಯ ಶಕ್ತಿ, ನಾಪತ್ತೆ.

ಲೆಕ್ಕ ಹೇಗೆ ಅಂದ್ರೆ, ಟ್ರ್ಯಾಕ್ ಕೊನೆಯಲ್ಲಿ ಬಂದ ವೇಗವನ್ನ 234ರಿಂದ ಭಾಗಿಸಿ, ಬಂದಿದ್ದರ ಘನ ತಗೊಂಡು, ತೂಕದಿಂದ ಗುಣಿಸಿ. ಅಷ್ಟೇ. ಇದು ಅಂದಾಜಿನ ಸೂತ್ರ. ಡೈನೊ (ಎಂಜಿನ್ ಶಕ್ತಿ ಅಳೆಯೋ ಯಂತ್ರ) ಜೊತೆ ಜಗಳ ಆಡೋಕೆ ಆಗಲ್ಲ, ಆದರೆ ಅದೇ ಕಾರನ್ನ ಇವತ್ತು ಮತ್ತು ಮುಂದಿನ ತಿಂಗಳು ಹೋಲಿಸೋಕೆ ಧಾರಾಳವಾಗಿ ಸಾಕು. ಇನ್ನೊಂದು ವಿಷಯ. ಎಂಜಿನ್ ಎಷ್ಟು ದುಡಿಯಿತು ಅನ್ನೋದು ಕೊನೆಯ ವೇಗದಲ್ಲಿ ಕಾಣುತ್ತೆ, ಆ ದುಡಿಮೆಯನ್ನ ನೆಲಕ್ಕೆ ಎಷ್ಟು ಚೆನ್ನಾಗಿ ಇಳಿಸಿದ್ರಿ ಅನ್ನೋದು ಸೆಕೆಂಡುಗಳಲ್ಲಿ ಕಾಣುತ್ತೆ. ಶುರುವಿನಲ್ಲಿ ಟೈರ್ ಸುಮ್ನೆ ತಿರುಗಿದ್ರೆ ಸಮಯ ಹಾಳಾಗುತ್ತೆ, ಕೊನೆಯ ವೇಗ ಅಷ್ಟಾಗಿ ಬದಲಾಗಲ್ಲ. ಚೀಟಿ ಕೈಗೆ ಬಂದ ತಕ್ಷಣ ಎಲ್ಲರೂ ಸೆಕೆಂಡು ನೋಡ್ತಾರೆ. ನಾನು ಮೊದಲು ನೋಡೋದು ವೇಗ.

375 ಅನ್ನೋದೇ ಸ್ವಲ್ಪ ಉಬ್ಬಿಸಿದ ಅಂಕಿ, ಅದು ಗೊತ್ತಿರೋದೇ. ಆಗ ಅಮೆರಿಕದ ಕಂಪನಿಗಳು ಹೇಳ್ತಿದ್ದದ್ದು ಗ್ರಾಸ್ ಅಂಕಿ. ಎಂಜಿನ್ ಒಂದನ್ನೇ ಸ್ಟ್ಯಾಂಡ್ ಮೇಲೆ ಕೂರಿಸಿ, ಫ್ಯಾನ್ ಇಲ್ಲ, ಆಲ್ಟರ್ನೇಟರ್ ಭಾರ ಇಲ್ಲ, ಏರ್ ಕ್ಲೀನರ್ ಇಲ್ಲ, ಕಾರಿನ ಸೈಲೆನ್ಸರ್ ಇಲ್ಲ, ಟೈಮಿಂಗ್ ತಮಗೆ ಬೇಕಾದ ಹಾಗೆ ಇಟ್ಟು ಅಳೆಯೋದು. 1972ರಿಂದ ನೆಟ್ ಅಂಕಿ ಬಂತು, ಕಾರಲ್ಲಿ ಇರೋ ಎಲ್ಲ ಸಾಮಾನಿನ ಜೊತೆ ಅಳೆದದ್ದು. ಅದೇ 440 ಆ ವರ್ಷ 280 ಎಚ್‌ಪಿ ಅಂತ ಕಾಣಿಸಿಕೊಂಡಿತು. ಕಂಪ್ರೆಷನ್ (ಸಿಲಿಂಡರ್ ಒಳಗೆ ಮಿಶ್ರಣವನ್ನ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು) ಕೂಡ ಇಳಿಸಿದ್ದರು ನಿಜ, ಆದ್ರೆ ಇಳಿತದಲ್ಲಿ ದೊಡ್ಡ ಪಾಲು ಅಳತೆಯ ರೀತಿಯದ್ದು. ಹಾಗಾಗಿ ನಾವು ಬೆನ್ನು ಹತ್ತಬೇಕಾದ್ದು 375 ಅಲ್ಲ. ಚೆನ್ನಾಗಿರೋ 440 ಕಾರಲ್ಲಿ ಕೂತು 320, 330 ಕೊಟ್ರೆ ಅದು ನ್ಯಾಯವಾದ ಗುರಿ. ಆ ಲೆಕ್ಕದಲ್ಲೂ ಎಪ್ಪತ್ತು ಎಚ್‌ಪಿ ಎಲ್ಲೋ ಸೋರ್ತಾ ಇತ್ತು.

ಭಾವನ ಆಸೆ ಬೇರೆ ಇತ್ತು. ಅಲ್ಯೂಮಿನಿಯಂ ಹೆಡ್, ದೊಡ್ಡ ಕ್ಯಾಮ್ (ವಾಲ್ವ್ ತೆರೆಯೋ ಸರಳು), ಹೊಸ ಕಾರ್ಬ್ಯುರೇಟರ್, ಹೆಡರ್ (ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬದಲು ಹಾಕೋ ಪೈಪ್‌ಗಳು), ಎಲ್ಲ ಕಾರ್ಟ್‌ನಲ್ಲಿ ಹಾಕಿಟ್ಟಿದ್ದರು.

"ಭಾವ, ಇರೋ ಕುದುರೆ ಯಾವ ಬೇಲಿ ಹಾರಿ ಹೋಗ್ತಿವೆ ಅಂತ ನೋಡದೆ ಹೊಸ ಕುದುರೆ ತರಬೇಡಿ," ಅಂದೆ.

"ನಿಂದೇನಪ್ಪ, ದಿನಾ ಕ್ಯಾಲಿಬ್ರೇಷನ್ ಮಾಡೋನು, ಅಳೆಯೋದೇ ನಿನಗೆ ಊಟ," ಅಂದ್ರು. ಆದ್ರೂ ಆರ್ಡರ್ ಒತ್ತಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಅವರಿಗೆ ಪ್ಯೂರ್ ಸ್ಟಾಕ್ ಮಾದರಿಯ ರೇಸ್‌ನಲ್ಲಿ ಓಡಿಸೋ ಆಸೆ. ಮಿಷಿಗನ್‌ನ ಸ್ಟಾಂಟನ್ ಹತ್ತಿರ ನಡೆದ ಪ್ಯೂರ್ ಸ್ಟಾಕ್ ಮಸಲ್ ಕಾರ್ ಡ್ರ್ಯಾಗ್ ರೇಸ್‌ಗಳಿಂದ ಹೆಸರಾದ ಪದ್ಧತಿ ಅದು. ಕಾರು ಆ ವರ್ಷ ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು. ಅದೇ ಮಾದರಿಯ ಕಾರ್ಬ್ಯುರೇಟರ್, ಅದೇ ಬೀಡು ಕಬ್ಬಿಣದ ಇನ್‌ಟೇಕ್, ಅದೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಹೆಡರ್ ಹಾಕಿದ್ರೆ ಅಲ್ಲಿಗೆ ಮುಗೀತು. ಹಾಗಾಗಿ ಸಾಮಾನು ಕೊಂಡು ಗೆಲ್ಲೋ ದಾರಿ ಇಲ್ಲಿ ಇಲ್ಲವೇ ಇಲ್ಲ.

ಮೊದಲ ಕಳ್ಳ ಕಾಲಡಿಯಲ್ಲೇ ಇದ್ದ

ಎಂಜಿನ್ ಆಫ್. ಏರ್ ಕ್ಲೀನರ್ ತೆಗೆದೆ. ಭಾವ ಒಳಗೆ ಕೂತು ಆಕ್ಸಿಲರೇಟರ್ ನೆಲಕ್ಕೆ ಒತ್ತಿದರು. ನಾನು ಟಾರ್ಚ್ ಹಿಡಿದು ಕಾರ್ಟರ್ ಎವಿಎಸ್ ಕಾರ್ಬ್ಯುರೇಟರ್ ಬಾಯೊಳಗೆ ನೋಡಿದೆ. ಮುಂದಿನ ಎರಡು ಥ್ರಾಟಲ್ ತಗಡು ನೆಟ್ಟಗೆ ನಿಂತಿರಬೇಕಿತ್ತು, ಓರೆಯಾಗಿ ನಿಂತಿದ್ದವು. ಹಿಂದಿನ ಎರಡು ಅರ್ಧದಷ್ಟೂ ತೆರೆದಿರಲಿಲ್ಲ. ಕೈಯಿಂದ ಲಿವರ್ ತಳ್ಳಿದ್ರೆ ಪೂರ್ತಿ ತೆರೆಯುತ್ತೆ. ಪೆಡಲ್‌ನಿಂದ ಮಾತ್ರ ಆಗಲ್ಲ.

ಕಾರಣ ಮೂರು ಸೇರಿತ್ತು. ಪೆಡಲ್ ಕೆಳಗೆ ಯಾರೋ ದಪ್ಪ ಕಾರ್ಪೆಟ್ ಮೇಲೆ ಇನ್ನೊಂದು ಮ್ಯಾಟ್ ಹಾಕಿದ್ದರು. ಕೇಬಲ್ ಬ್ರ್ಯಾಕೆಟ್ ಒಂದು ರಂಧ್ರ ಹಿಂದೆ ಕೂತಿತ್ತು. ಮತ್ತೆ 727 ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಕಿಕ್‌ಡೌನ್ ಸರಳು ತುಂಬಾ ಉದ್ದಕ್ಕೆ ಸೆಟ್ ಆಗಿ, ಕಾರ್ಬ್ಯುರೇಟರ್ ಪೂರ್ತಿ ತೆರೆಯೋ ಮೊದಲೇ ಅದರ ಓಟ ಮುಗಿದುಹೋಗ್ತಿತ್ತು. ಈ ಕೊನೆಯದನ್ನ ಹುಷಾರಾಗಿ ಸರಿ ಮಾಡಬೇಕು. ಆ ಸರಳು ಬರೀ ಗೇರ್ ಇಳಿಸೋಕೆ ಇರೋದಲ್ಲ, ಗೇರ್‌ಬಾಕ್ಸ್ ಒಳಗಿನ ಆಯಿಲ್ ಒತ್ತಡವನ್ನೂ ಅದೇ ನಡೆಸುತ್ತೆ. ಕಿತ್ತು ಪಕ್ಕಕ್ಕೆ ಕಟ್ಟಿ ಓಡಿಸಿದ್ರೆ ಕ್ಲಚ್ ತಗಡು ಸುಟ್ಟು ಕೂರ್ತವೆ. ಥ್ರಾಟಲ್ ಪೂರ್ತಿ ತೆರೆದಾಗ ಗೇರ್‌ಬಾಕ್ಸ್ ಲಿವರ್ ಕೂಡ ಪೂರ್ತಿ ಹಿಂದಕ್ಕೆ ಹೋಗಿರಬೇಕು, ಎರಡೂ ಒಂದೇ ಹೊತ್ತಿಗೆ ಮುಟ್ಟಬೇಕು.

ವ್ಯಾಕ್ಯೂಮ್ ಗೇಜ್ ಒಂದನ್ನ ಇನ್‌ಟೇಕ್‌ಗೆ ಸಿಕ್ಕಿಸಿ ವಿಂಡ್‌ಶೀಲ್ಡ್‌ಗೆ ಟೇಪ್ ಹಾಕಿ ಓಡಿಸಿದೆವು. ಪೂರ್ತಿ ಥ್ರಾಟಲ್‌ನಲ್ಲಿ ಮೊದಲು 3 ಇಂಚು (ಪಾದರಸದ ಲೆಕ್ಕ) ತೋರಿಸ್ತಿತ್ತು, ಸರಿ ಮಾಡಿದ ಮೇಲೆ ಒಂದೂಕಾಲು. ಕಡಿಮೆ ಇದ್ದಷ್ಟೂ ಗಾಳಿಗೆ ಅಡ್ಡಿ ಕಡಿಮೆ. ಈ ಎಂಜಿನ್ 5000 ಆರ್‌ಪಿಎಂನಲ್ಲಿ ನಿಮಿಷಕ್ಕೆ 637 ಘನ ಅಡಿ ಗಾಳಿಯನ್ನ ಲೆಕ್ಕದ ಪ್ರಕಾರ ಎಳೀಬೇಕು, ನಿಜವಾಗಿ ಎಳೆಯೋದು ಅದರ ಎಂಬತ್ತೈದು ಪರ್ಸೆಂಟ್ ಅಂತಿಟ್ಟುಕೊಂಡರೂ 540. ಬಾಗಿಲು ಓರೆ ಇಟ್ಟು ಇಷ್ಟು ಗಾಳಿ ಬಾ ಅಂದ್ರೆ ಹೇಗೆ ಬರುತ್ತೆ? ಕಾಸು ಖರ್ಚಿಲ್ಲದ ರಿಪೇರಿ ಇದು. ಹೊಸ ಕಾರ್ಬ್ಯುರೇಟರ್ ತಂದು ಇದೇ ಲಿಂಕೇಜ್‌ಗೆ ಸಿಕ್ಕಿಸಿದ್ರೆ ಅದೂ ಇಷ್ಟೇ ತೆರೀತಿತ್ತು.

ಸುಳ್ಳು ಹೇಳೋ ಗುರುತು

ಟೈಮಿಂಗ್ ಲೈಟ್ ಹಿಡಿದರೆ ಒಟ್ಟು ಅಡ್ವಾನ್ಸ್, ಅಂದ್ರೆ ಪಿಸ್ಟನ್ ಮೇಲಿನ ತುದಿ ಮುಟ್ಟೋಕೆ ಎಷ್ಟು ಮೊದಲೇ ಕಿಡಿ ಬೀಳುತ್ತೆ ಅನ್ನೋದು, 35 ಡಿಗ್ರಿ. ನೋಡೋಕೆ ಸರಿಯಾಗೇ ಇದೆ. ಆದರೆ ಪ್ಲಗ್ ಬಿಚ್ಚಿ ನೋಡಿದ್ರೆ ನಂಬಿಕೆ ಬರಲಿಲ್ಲ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂಡ ಅತಿಯಾಗಿ ಕಾಯ್ತಿತ್ತು. ಕಿಡಿ ತಡವಾಗಿ ಬಿದ್ದರೆ ಸುಡಬೇಕಾದ್ದು ಪಿಸ್ಟನ್ ಕೆಳಗೆ ಓಡಿದ ಮೇಲೂ ಸುಡ್ತಾ ಇರುತ್ತೆ. ಆ ಶಾಖ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಮುಖ್ಯ ಸರಳು) ತಿರುಗಿಸೋ ಬದಲು ಸೈಲೆನ್ಸರ್ ಕಾಯಿಸುತ್ತೆ.

ಕ್ರ್ಯಾಂಕ್ ಮುಂದಿರೋ, ನಡುಕ ತಡೆಯೋ ಚಕ್ರ, ಅಂದ್ರೆ ಡ್ಯಾಂಪರ್‌ನಲ್ಲಿ ಎರಡು ಉಂಗುರ ಇರುತ್ತೆ, ಒಳಗಿನದು, ಹೊರಗಿನದು, ಮಧ್ಯೆ ರಬ್ಬರ್. ಟೈಮಿಂಗ್ ಗೆರೆ ಇರೋದು ಹೊರಗಿನ ಉಂಗುರದ ಮೇಲೆ. ಐವತ್ತು ವರ್ಷದ ರಬ್ಬರ್ ಬಿಟ್ಟುಕೊಂಡ್ರೆ ಹೊರಗಿನ ಉಂಗುರ ಮೆಲ್ಲಗೆ ಜಾರುತ್ತೆ, ಗೆರೆಯೂ ಅದರ ಜೊತೆ.

ಪರೀಕ್ಷೆ ಸುಲಭ. ಬ್ಯಾಟರಿ ತಂತಿ ಬಿಚ್ಚಿ. ಎಲ್ಲ ಪ್ಲಗ್ ತೆಗೀರಿ. ಒಂದನೇ ಸಿಲಿಂಡರ್‌ನ ಪ್ಲಗ್ ರಂಧ್ರಕ್ಕೆ ಪಿಸ್ಟನ್ ಸ್ಟಾಪ್ ಹಾಕಿ, ಹಳೇ ಪ್ಲಗ್‌ನ ಒಳಭಾಗ ಒಡೆದು ಬೋಲ್ಟ್ ಕೂರಿಸಿ ಮಾಡಿಕೊಂಡರೂ ನಡೆಯುತ್ತೆ. ಉದ್ದನೆ ಸ್ಪ್ಯಾನರ್‌ನಿಂದ ಕೈಯಲ್ಲೇ ಕ್ರ್ಯಾಂಕ್ ತಿರುಗಿಸಿ, ಪಿಸ್ಟನ್ ಸ್ಟಾಪ್‌ಗೆ ತಾಗಿದ ಕಡೆ ಡ್ಯಾಂಪರ್ ಮೇಲೆ ಗೆರೆ ಎಳೀರಿ. ಈಗ ಉಲ್ಟಾ ತಿರುಗಿಸಿ ಇನ್ನೊಂದು ಬದಿಯಿಂದ ತಾಗೋವರೆಗೆ ಬನ್ನಿ, ಅಲ್ಲೊಂದು ಗೆರೆ. ಎರಡರ ನಟ್ಟನಡುವೆ ಇರೋದೇ ನಿಜವಾದ ಟಾಪ್ ಡೆಡ್ ಸೆಂಟರ್, ಪಿಸ್ಟನ್ ತೀರಾ ಮೇಲೆ ಇರೋ ಜಾಗ. ಸ್ಟಾರ್ಟರ್ ಮಾತ್ರ ಮುಟ್ಟಬೇಡಿ, ಪಿಸ್ಟನ್ ತೂತಾಗುತ್ತೆ.

ನಮ್ಮ ಡ್ಯಾಂಪರ್‌ನ ಅಗಲ ಅಳೆದರೆ 7.25 ಇಂಚು. ಸುತ್ತಳತೆಯನ್ನ 360ರಿಂದ ಭಾಗಿಸಿದ್ರೆ ಒಂದು ಡಿಗ್ರಿಗೆ 1.6 ಮಿಲಿಮೀಟರ್. ನಾನು ಎಳೆದ ನಡುಗೆರೆಗೂ ಕಾರ್ಖಾನೆಯ ಗೆರೆಗೂ ಮಧ್ಯೆ 11 ಮಿಲಿಮೀಟರ್ ಇತ್ತು. ಏಳು ಡಿಗ್ರಿ! ಲೈಟ್ 35 ಅಂದಾಗ ಎಂಜಿನ್ ಓಡ್ತಿದ್ದದ್ದು 28ರಲ್ಲಿ. ಡ್ಯಾಂಪರ್ ಹೊಸದೇ ಹಾಕಿದೆವು. ಗೆರೆ ಜಾರಿದ್ದಕ್ಕೆ ಹೊಸ ಗೆರೆ ಎಳೆದು ಬಿಟ್ಟರೆ ನಾಳೆ ಉಂಗುರವೇ ಕಳಚಿ ರೇಡಿಯೇಟರ್ ಒಳಗೆ ನುಗ್ಗಬಹುದು.

ಇನ್ನು ಡಿಸ್ಟ್ರಿಬ್ಯೂಟರ್, ಅಂದ್ರೆ ಪ್ಲಗ್‌ಗಳಿಗೆ ಸರದಿಯಲ್ಲಿ ಕಿಡಿ ಹಂಚೋದು. ಎಂಜಿನ್ ವೇಗ ಏರಿದಂತೆ ಅಡ್ವಾನ್ಸ್ ಸೇರಿಸೋದೂ ಇದೇ. ಕ್ರೈಸ್ಲರ್ ಡಿಸ್ಟ್ರಿಬ್ಯೂಟರ್ ಬಿಚ್ಚಿದ್ರೆ ಒಳಗಿನ ಗವರ್ನರ್ ತಗಡಿನ ಮೇಲೆ ಒಂದು ಸಂಖ್ಯೆ ಒತ್ತಿರುತ್ತಾರೆ. ಅದು ಡಿಸ್ಟ್ರಿಬ್ಯೂಟರ್ ಡಿಗ್ರಿ. ಕ್ರ್ಯಾಂಕ್ ಲೆಕ್ಕಕ್ಕೆ ಎರಡರಿಂದ ಗುಣಿಸಬೇಕು. ನಮ್ಮದರಲ್ಲಿ 15 ಇತ್ತು, ಅಂದ್ರೆ 30 ಡಿಗ್ರಿ ತಾನೇ ಸೇರಿಸುತ್ತೆ. ಒಟ್ಟು 35ಕ್ಕೆ ನಿಲ್ಲಿಸಬೇಕಾದ್ರೆ ಐಡಲ್‌ನಲ್ಲಿ 5 ಡಿಗ್ರಿ ಮಾತ್ರ ಉಳಿಯುತ್ತೆ. ಅದಕ್ಕೇ ಕಾರು ಹೊರಡುವಾಗ ಅಷ್ಟು ಮಂಕಾಗಿತ್ತು. ತಗಡಿನ ಉದ್ದ ರಂಧ್ರಗಳ ಹೊರತುದಿಗೆ ಸ್ವಲ್ಪ ವೆಲ್ಡ್ ತುಂಬಿ, ಫೈಲ್ ಮಾಡಿ, 10ಕ್ಕೆ ಇಳಿಸಿದೆ. ಈಗ ಐಡಲ್‌ನಲ್ಲಿ 15, ಮೇಲೆ 20, ಒಟ್ಟು 35. ಒಂದು ಸ್ಪ್ರಿಂಗ್ ಬದಲಿಸಿ 2700 ಆರ್‌ಪಿಎಂ ಹೊತ್ತಿಗೆ ಪೂರ್ತಿ ಬರೋ ಹಾಗೆ ಮಾಡಿದೆ. ದಿನಾ ಆಫೀಸಿನಲ್ಲಿ ಲ್ಯಾಪ್‌ಟಾಪ್‌ನಲ್ಲಿ ಸ್ಪಾರ್ಕ್ ಟೇಬಲ್ ತುಂಬೋನಿಗೆ ಫೈಲ್ ಹಿಡಿದು ಅದೇ ಟೇಬಲ್ ಬರೆಯೋ ಖುಷಿ ಬೇರೆ ಥರದ್ದು.

ಆಗಸ್ಟ್‌ನಲ್ಲಿ ಮತ್ತೆ ಮಿಲಾನ್‌ಗೆ ಹೋದೆವು. 14.41, 96.6 ಮೈಲಿ. ಸೂತ್ರ ಹೇಳಿದ್ದು 285. ಮೂವತ್ತು ಎಚ್‌ಪಿ ವಾಪಸ್, ಖರ್ಚು ಒಂದು ಡ್ಯಾಂಪರ್.

ಹೊಗೆ ಹೋಗೋ ದಾರಿ, ಫ್ಯಾನ್, ಪೆಟ್ರೋಲ್

ಹಿಂದಿನ ಮಾಲೀಕ ಯಾವುದೋ ಅಂಗಡಿಯಲ್ಲಿ ಎಕ್ಸಾಸ್ಟ್ ಪೈಪ್ ಹಾಕಿಸಿದ್ದ. ಬಾಗಿದ ಕಡೆಯಲ್ಲೆಲ್ಲ ಪೈಪ್ ಸುಕ್ಕಾಗಿ ಚಪ್ಪಟೆಯಾಗಿತ್ತು. ಅಳೆಯದೆ ಬದಲಿಸೋದು ಬೇಡ ಅಂತ, ಮ್ಯಾನಿಫೋಲ್ಡ್ ಕೆಳಗಿನ ಪೈಪ್‌ಗೆ ಆಕ್ಸಿಜನ್ ಸೆನ್ಸರ್ ಕೂರಿಸೋ ನಟ್ ವೆಲ್ಡ್ ಮಾಡಿ, ಮೊದಲು ಅದಕ್ಕೆ ಒತ್ತಡದ ಗೇಜ್ ಹಾಕಿದೆ. ಪೂರ್ತಿ ಥ್ರಾಟಲ್‌ನಲ್ಲಿ 5 ಪಿಎಸ್‌ಐ. ಮೂಗು ಹಿಡಿದುಕೊಂಡು ಬೆಟ್ಟ ಹತ್ತಿದ ಹಾಗೆ. ಒಂದೇ ಅಗಲ ಉಳಿಯೋ ಹಾಗೆ ಬಾಗಿಸಿದ ಎರಡೂವರೆ ಇಂಚಿನ ಪೈಪ್, ಮಧ್ಯೆ ಎಚ್ ಆಕಾರದ ಜೋಡಣೆ, ನೇರ ಹಾಯೋ ಸೈಲೆನ್ಸರ್ ಹಾಕಿದ ಮೇಲೆ 2 ಪಿಎಸ್‌ಐ. ಹೊರಗಿಂದ ನೋಡಿದ್ರೆ ಹಳೇದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗಲ್ಲ.

ಫ್ಯಾನ್ ಕ್ಲಚ್ ಜಾಮ್ ಆಗಿತ್ತು, ಅಂದ್ರೆ ಫ್ಯಾನ್ ಯಾವಾಗಲೂ ಎಂಜಿನ್ ಜೊತೆಗೇ ತಿರುಗ್ತಿತ್ತು. ಫ್ಯಾನ್ ತಿನ್ನೋ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತೆ, ಆರ್‌ಪಿಎಂ ಎರಡು ಪಟ್ಟಾದ್ರೆ ಶಕ್ತಿ ಎಂಟು ಪಟ್ಟು. ಐಡಲ್‌ನಲ್ಲಿ ಏನೂ ಅನಿಸಲ್ಲ, 5000ದಲ್ಲಿ ಹತ್ತು ಹದಿನೈದು ಎಚ್‌ಪಿ ನುಂಗಿಬಿಡಬಹುದು. ಹೊಸ ಕ್ಲಚ್, ಅರ್ಧ ಗಂಟೆ ಕೆಲಸ.

ಪೆಟ್ರೋಲ್ ವಿಷಯದಲ್ಲಿ ಒಂದು ಮಾತು. 1969ರಲ್ಲಿ ಕಾರ್ಬ್ಯುರೇಟರ್ ಸೆಟ್ ಮಾಡಿದ್ದು ಸೀಸ ಬೆರೆಸಿದ, ಎಥನಾಲ್ ಇಲ್ಲದ ಪೆಟ್ರೋಲ್‌ಗೆ. ಈಗ ಬಂಕ್‌ನಲ್ಲಿ ಸಿಗೋದು ಹತ್ತು ಪರ್ಸೆಂಟ್ ಎಥನಾಲ್ ಬೆರೆತದ್ದು. ಎಥನಾಲ್ ಜೊತೆಗೇ ಆಕ್ಸಿಜನ್ ತರುತ್ತೆ, ಹಾಗಾಗಿ ಅದೇ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತೆ. ಊರಲ್ಲೂ ಈಗ ಇ20 ಬಂದ ಮೇಲೆ ಹಳೇ ಬೈಕ್ ಇಟ್ಟುಕೊಂಡೋರು ಇದೇ ಗೋಳು ಹೇಳ್ತಾರೆ ಅಲ್ವಾ, ಹಾಗೇ. ಈಗ ಆ ನಟ್‌ಗೆ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ನೋಡಿದರೆ ಟ್ರ್ಯಾಕ್ ಕೊನೆಯಲ್ಲಿ 13.8, ಅಂದ್ರೆ ತೂಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ 13.8 ಪಾಲು ಗಾಳಿ. ಎಕ್ಸಾಸ್ಟ್ ಬಿಡುವಾಗಿದ್ದಕ್ಕೆ ಇನ್ನೂ ತೆಳುವಾಗಿತ್ತು. ಇಂಥ ಎಂಜಿನ್‌ಗೆ ಪೂರ್ತಿ ಭಾರದಲ್ಲಿ 12.6 ಹತ್ತಿರ ಇದ್ರೆ ಚೆಂದ. ಎವಿಎಸ್‌ನ ಒಂದು ಒಳ್ಳೆ ಗುಣ ಅಂದ್ರೆ ಮೀಟರಿಂಗ್ ಸರಳುಗಳು (ಪೆಟ್ರೋಲ್ ಎಷ್ಟು ಹೋಗಬೇಕು ಅಂತ ತಡೆಯೋವು) ಮೇಲಿನ ಎರಡು ಪುಟ್ಟ ಮುಚ್ಚಳದ ಕೆಳಗೇ ಇರ್ತವೆ. ಒಂದೊಂದು ಸ್ಕ್ರೂ ಸಡಿಲಿಸಿ, ಸರಳು ಎಳೆದು, ತುದಿ ಸ್ವಲ್ಪ ಸಣ್ಣಗಿರೋದನ್ನ ಇಳಿಸಿದ್ರೆ ಆಯ್ತು. ಕಾರ್ಬ್ಯುರೇಟರ್ ಬಿಚ್ಚೋದೇ ಬೇಡ, ಪಾರ್ಕಿಂಗ್‌ನಲ್ಲೇ ಮಾಡಬಹುದು. ಹಿಂದಿನ ಎರಡು ಜೆಟ್ ಬದಲಿಸೋಕೆ ಮಾತ್ರ ಮೇಲಿನ ಭಾಗ ತೆಗೆಯಬೇಕು, ಅದನ್ನ ಮನೆಯಲ್ಲಿ ಮಾಡಿದೆವು.

ಸೆಪ್ಟೆಂಬರ್‌ನಲ್ಲಿ 14.12, 98.9 ಮೈಲಿ. ಸೂತ್ರಕ್ಕೆ ಹಾಕಿದ್ರೆ 306. ಭಾವ ಕುಣಿದಾಡಿದರು. ನಾನು ಹವಾಮಾನದ ಮೀಟರ್ ತೋರಿಸಿದೆ. ಆಗಸ್ಟ್‌ನ ಸೆಕೆಯಲ್ಲಿ ಡೆನ್ಸಿಟಿ ಆಲ್ಟಿಟ್ಯೂಡ್ 2000 ಅಡಿ ಇತ್ತು, ಅಂದ್ರೆ ಅಷ್ಟು ಎತ್ತರದ ಊರಿನ ತೆಳು ಗಾಳಿಯಲ್ಲಿ ಓಡಿದಂಗೆ. ಸೆಪ್ಟೆಂಬರ್‌ನ ಆ ದಿನ 900. ಸಾವಿರ ಅಡಿಗೆ ಮೂರು ಪರ್ಸೆಂಟ್ ಅಂತ ಲೆಕ್ಕ ಹಾಕಿದ್ರೆ ಒಂಬತ್ತು ಎಚ್‌ಪಿ ತಂಪು ಗಾಳಿ ಕೊಟ್ಟಿದ್ದು. ನಮ್ಮ ಕೆಲಸದ ಪಾಲು ಹನ್ನೆರಡು. ಗಾಳಿ ಕೊಟ್ಟಿದ್ದನ್ನ ನಮ್ಮ ಖಾತೆಗೆ ಬರ್ಕೋಬಾರದು. ಇಂಟರ್ನೆಟ್‌ನಲ್ಲಿ "ಈ ಸಾಮಾನು ಹಾಕಿದೆ, ಇಷ್ಟು ಬಂತು" ಅನ್ನೋ ಕಥೆಗಳಲ್ಲಿ ಅರ್ಧ, ಬೇಸಿಗೆಯ ಮೊದಲ ಓಟ, ಚಳಿಗಾಲದ ಹೊಸ್ತಿಲ ಎರಡನೇ ಓಟ ಅಷ್ಟೇ.

ಚಳಿಗಾಲ: ಹೆಡ್ ಬಿಚ್ಚಿದ್ದು

ಲೀಕ್‌ಡೌನ್ ಪರೀಕ್ಷೆಯಲ್ಲಿ (ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತೆ ಅಂತ ನೋಡೋದು) ಎರಡು ಸಿಲಿಂಡರ್ ಇಪ್ಪತ್ತು ಪರ್ಸೆಂಟ್‌ಗಿಂತ ಜಾಸ್ತಿ ಸೋರ್ತಿದ್ದವು, ಎಕ್ಸಾಸ್ಟ್ ಪೈಪ್‌ಗೆ ಕಿವಿ ಇಟ್ಟರೆ ಬುಸ್ ಅಂತ ಕೇಳ್ತಿತ್ತು. ಎಕ್ಸಾಸ್ಟ್ ವಾಲ್ವ್ ಕೂರ್ತಿರಲಿಲ್ಲ. ಸರಿ, ಹಿಮ ಬೀಳೋ ಹೊತ್ತಿಗೆ ಹೆಡ್ ಇಳಿಸಿದೆವು. ಇವು 906 ನಂಬರಿನ ಬೀಡು ಹೆಡ್‌ಗಳು, 2.08 ಇಂಚಿನ ಇನ್‌ಟೇಕ್ ವಾಲ್ವ್, 1.74ರ ಎಕ್ಸಾಸ್ಟ್.

ಅಳತೆಯ ಕೆಲಸ ಇಲ್ಲಿದೆ ನೋಡಿ, ನನಗೆ ಇಡೀ ಪ್ರಾಜೆಕ್ಟ್‌ನಲ್ಲಿ ಇಷ್ಟವಾದದ್ದು ಇದೇ. ಹೆಡ್ ಉಲ್ಟಾ ಮಲಗಿಸಿ, ವಾಲ್ವ್ ಕೂರಿಸಿ, ಚೇಂಬರ್ (ಮಿಶ್ರಣ ಉರಿಯೋ ಗುಳಿ) ಮೇಲೆ ಗ್ರೀಸ್ ಹಚ್ಚಿ ರಂಧ್ರ ಇರೋ ಅಕ್ರಿಲಿಕ್ ತಗಡು ಒತ್ತಿ, ಬ್ಯುರೆಟ್‌ನಿಂದ ಬಣ್ಣದ ನೀರು ಬಿಡಬೇಕು. ಗುಳ್ಳೆ ಉಳಿಯಬಾರದು. ನಮ್ಮದು ಸರಾಸರಿ 90 ಸಿಸಿ ಬಂತು. ಪಿಸ್ಟನ್ ಟಾಪ್‌ಗೆ ಬಂದಾಗ ಬ್ಲಾಕ್ ಮಟ್ಟಕ್ಕಿಂತ 70 ಥೌ ಕೆಳಗೆ (ಒಂದು ಥೌ ಅಂದ್ರೆ ಇಂಚಿನ ಸಾವಿರದ ಒಂದು ಪಾಲು). ಹಿಂದೆ ಯಾರೋ 30 ಥೌ ಬೋರ್ ಮಾಡಿಸಿದ್ದರು, ಹಾಗಾಗಿ ಬೋರ್ 4.35 ಇಂಚು, ಸ್ಟ್ರೋಕ್ 3.75, ಒಂದು ಸಿಲಿಂಡರ್ 913 ಸಿಸಿ. ಒಂದು ಸಿಲಿಂಡರ್! ಒಂದೊಂದೂ ಮಾರುತಿ 800ರ ಇಡೀ ಎಂಜಿನ್‌ಗಿಂತ ದೊಡ್ಡದು. ಹೆಡ್ ಗ್ಯಾಸ್ಕೆಟ್ 39 ಥೌ ದಪ್ಪದ್ದು, ಅದರೊಳಗೆ ಸುಮಾರು 10 ಸಿಸಿ. ಪಿಸ್ಟನ್ ಮೇಲಿನ ಜಾಗ 17, ವಾಲ್ವ್‌ಗೆ ಬಿಟ್ಟ ಗುಳಿ 5. ಎಲ್ಲ ಕೂಡಿದ್ರೆ 122. 913ಕ್ಕೆ 122 ಕೂಡಿಸಿ 122ರಿಂದ ಭಾಗಿಸಿದ್ರೆ ಕಂಪ್ರೆಷನ್ 8.5.

ಆ ಕಾಲದ ಜಾಹೀರಾತಿನಲ್ಲಿ ಇದು 10.1. ಪುಸ್ತಕದ ಅಂಕಿ ನಂಬಿ ಪೆಟ್ರೋಲ್‌ಗೆ ಆಕ್ಟೇನ್ ಬೂಸ್ಟರ್ ಸುರೀತಿದ್ದ ಭಾವನ ಮುಖ ನೋಡಬೇಕಿತ್ತು.

ಮಷಿನ್ ಶಾಪ್‌ನಲ್ಲಿ ಹೆಡ್‌ನಿಂದ 30 ಥೌ ತೆಗೆಸಿದೆವು, ಇನ್‌ಟೇಕ್ ಕೂರೋ ಮುಖವನ್ನೂ ಅದಕ್ಕೆ ಹೊಂದಿಸಿದರು. ಮತ್ತೆ ಅಳೆದರೆ ಚೇಂಬರ್ 84 ಸಿಸಿ. ಗ್ಯಾಸ್ಕೆಟ್ ಬದಲು ಕಾರ್ಖಾನೆಯ ಮಾದರಿಯ 20 ಥೌ ಉಕ್ಕಿನ ತೆಳು ತಗಡು, ಎರಡು ಬದಿಗೂ ಕಾಪರ್ ಸ್ಪ್ರೇ. ಇದು ಕೂರಬೇಕಾದ್ರೆ ಬ್ಲಾಕ್ ಮುಖ ಕನ್ನಡಿ ಥರ ಸಮ ಇರಬೇಕು, ಗೀರು ಇದ್ದರೆ ನೀರು ಸೋರೋದು ಗ್ಯಾರಂಟಿ. ಒಟ್ಟು 111 ಸಿಸಿ, ಕಂಪ್ರೆಷನ್ 9.2.

ಇಷ್ಟರಿಂದ ಎಷ್ಟು ಸಿಗುತ್ತೆ? ಜಾಸ್ತಿ ಏನಿಲ್ಲ, ಎರಡೂವರೆ ಮೂರು ಪರ್ಸೆಂಟ್, ಎಂಟು ಎಚ್‌ಪಿ ಅನ್ನಿ. ಆದರೆ ಇದು ಪುಕ್ಕಟೆ ಶಕ್ತಿ, ಹೆಚ್ಚು ಪೆಟ್ರೋಲ್ ಸುಡದೆ ಬರೋದು. ಲೆಕ್ಕ ನೋಡಿ. ಪೂರ್ತಿ ಥ್ರಾಟಲ್‌ನಲ್ಲಿ ಇಂಥ ಎಂಜಿನ್ ಒಂದು ಎಚ್‌ಪಿಗೆ ಗಂಟೆಗೆ ಅರ್ಧ ಪೌಂಡ್ ಪೆಟ್ರೋಲ್ ಕುಡಿಯುತ್ತೆ. ಪೆಟ್ರೋಲ್‌ನಲ್ಲಿರೋ ಶಾಖದ ಲೆಕ್ಕಕ್ಕೆ ಹಾಕಿದ್ರೆ ಕ್ರ್ಯಾಂಕ್‌ಗೆ ತಲುಪೋದು 27 ಪರ್ಸೆಂಟ್. ಉಳಿದದ್ದೆಲ್ಲ ರೇಡಿಯೇಟರ್‌ಗೆ, ಎಕ್ಸಾಸ್ಟ್‌ಗೆ, ಘರ್ಷಣೆಗೆ. 330 ಎಚ್‌ಪಿ ಅಂತಿಟ್ಟುಕೊಂಡರೆ ಕಾಲು ಮೈಲಿ ಓಟಕ್ಕೆ ಹೆಚ್ಚೆಂದರೆ 380 ಎಂಎಲ್ ಪೆಟ್ರೋಲ್, ಅದರಲ್ಲಿ ಕಾರು ತಳ್ಳೋಕೆ ಸಿಕ್ಕಿದ್ದು ನೂರು ಎಂಎಲ್‌ನಷ್ಟು. ಆ ನೂರನ್ನ ನೂರಾ ಮೂರು ಮಾಡೋದೇ ಕಂಪ್ರೆಷನ್‌ನ ಆಟ. 906 ಹೆಡ್‌ನದು ಪೂರ್ತಿ ತೆರೆದ ಚೇಂಬರ್, ಪಿಸ್ಟನ್ ಹತ್ತಿರ ಬಂದು ಮಿಶ್ರಣವನ್ನ ಒತ್ತಿ ಕಲಕೋ ಚಪ್ಪಟೆ ಜಾಗ ಇಲ್ಲ. ಹಾಗಾಗಿ 93 ಆಕ್ಟೇನ್‌ನಲ್ಲಿ ಇನ್ನೂ ಮೇಲೆ ಹೋಗೋಕೆ ನನಗೆ ಧೈರ್ಯ ಇಲ್ಲ, ಕಟ ಕಟ ಶಬ್ದ ಶುರುವಾದ್ರೆ ಟೈಮಿಂಗ್ ಹಿಂದಕ್ಕೆ ತರಬೇಕು, ಗಳಿಸಿದ್ದು ಅಲ್ಲೇ ಹೋಯ್ತು.

ವಾಲ್ವ್ ಸೀಟಿಗೆ ಮೂರು ಕೋನದ ಕಟಿಂಗ್, ಹೊಸ ಗೈಡ್, ಗಟ್ಟಿ ಎಕ್ಸಾಸ್ಟ್ ಸೀಟ್. ಸ್ಪ್ರಿಂಗ್‌ಗಳು ಸೋತಿದ್ದವು, ಮೊದಲೆಲ್ಲ 4800 ದಾಟಿದ್ರೆ ಎಂಜಿನ್ ಸದ್ದು ಒಡೀತಿತ್ತು, ಈಗ ಇಲ್ಲ. ಕ್ಯಾಮ್ ಹಳೇದೇ.

ಗೇರ್ ಮತ್ತು ಹಿಂದಿನ ಟೈರ್

ಕಾರಿಗೆ ಬಂದಿದ್ದು 3.23 ಕ್ರೌನ್-ಪಿನಿಯನ್, ಹಿಂದಿನ ಆಕ್ಸಲ್‌ನ ಗೇರ್ ಜೋಡಿ. 727ರ ಎರಡನೇ ಗೇರ್ 1.45. 5000ದಲ್ಲಿ ಎರಡನೇ ಗೇರ್ ಬಿಟ್ಟರೆ ವೇಗ 87 ಮೈಲಿ. ಅಲ್ಲಿಂದ ಮೂರನೇ ಗೇರ್‌ಗೆ ಬಿದ್ದರೆ ಎಂಜಿನ್ 3500ಕ್ಕೆ ಇಳಿಯುತ್ತೆ, 100 ಮೈಲಿಯಲ್ಲಿ ಗೆರೆ ದಾಟುವಾಗಲೂ 4000ದ ಆಸುಪಾಸು. ಹೆಚ್ಚು ಶಕ್ತಿ ಇರೋದು 4600ರಲ್ಲಿ, ಅಂದ್ರೆ ಕೊನೆಯ ಭಾಗದಲ್ಲಿ ಎಂಜಿನ್ ತನ್ನ ಜಾಗ ಮುಟ್ಟೋದೇ ಇಲ್ಲ. 3.91 ಹಾಕಿದ್ರೆ ಅದೇ ವೇಗದಲ್ಲಿ 4800 ಹತ್ತಿರ ಹೋಗುತ್ತೆ.

ಹೈವೇನಲ್ಲಿ 65ಕ್ಕೆ ಓಡಿಸಿದ್ರೆ 3.23ರಲ್ಲಿ 2550, 3.91ರಲ್ಲಿ 3100. ಭಾವನ ಮನೆಯಲ್ಲಿ ಇದಕ್ಕೆ ಒಪ್ಪಿಗೆ ಸಿಗಲಿಲ್ಲ. ಪಂಪ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಇದೇ ಕಾರಲ್ಲಿ ಹೋಗೋದು, ಆ ಸದ್ದಲ್ಲಿ ಮಾತಾಡೋಕೂ ಆಗಲ್ಲ ಅಂತ ನಮ್ಮ ಅಕ್ಕನ ದೂರು. ಕ್ರೈಸ್ಲರ್‌ನ ಎಂಟೂಮುಕ್ಕಾಲು ಇಂಚಿನ ಆಕ್ಸಲ್ ಇಲ್ಲಿ ಕೈ ಹಿಡಿಯಿತು. ಇದರ ಡಿಫರೆನ್ಷಿಯಲ್ ಇಡಿಯಾಗಿ ಮುಂದಿನಿಂದ ಹೊರಗೆ ಬರುತ್ತೆ. ಸೆಟ್ ಮಾಡಿದ 3.91ರ ಡಿಫರೆನ್ಷಿಯಲ್ ಒಂದನ್ನ ಬೇರೆ ಇಟ್ಟುಕೊಂಡಿದ್ದೇವೆ. ರೇಸ್ ಹಿಂದಿನ ದಿನ ಆಕ್ಸಲ್ ಎಳೆದು, ನಟ್ ಬಿಚ್ಚಿ, ಅದಲು ಬದಲು. ಒಬ್ಬರೇ ಎತ್ತೋಕೆ ಹೋಗಬೇಡಿ, ಜ್ಯಾಕ್ ಇಡಿ.

ಹಿಂದಿನ ಲೀಫ್ ಸ್ಪ್ರಿಂಗ್‌ನ ಮುಂಭಾಗ ಗಿಡ್ಡ, ಗಡಸು. ಆಕ್ಸಲ್ ತಿರುಚಿಕೊಳ್ಳೋಕೆ ಹೋದಾಗ ಆ ಭಾಗ ತಡೆಯುತ್ತೆ, ಇದು ಕ್ರೈಸ್ಲರ್ ಎಂಜಿನಿಯರ್‌ಗಳ ಜಾಣತನ. ಆಕ್ಸಲ್ ಮೇಲೆದ್ದಾಗ ನೆಲದ ತಗಡಿಗೆ ತಾಗಿ ತಡೆಯೋ, ಪಿನಿಯನ್ ಮೇಲಿನ ರಬ್ಬರ್ ಸ್ನಬ್ಬರ್ ಸವೆದು ಹೋಗಿತ್ತು. ಹೊಸದು ಹಾಕಿ, ಕೆಳಗೆ ವಾಷರ್ ಇಟ್ಟು ನೆಲದ ತಗಡಿಗೆ ಹತ್ತಿರ ಮಾಡಿದ್ವಿ. ಟೈರ್ ಗಾಳಿ 26ಕ್ಕೆ ಇಳಿಸಿದೆವು. ಭಾವನ ಪಾದವೂ ಸ್ವಲ್ಪ ಸುಧಾರಿಸಿತು, ಲೈಟ್ ಹಸಿರಾದ ತಕ್ಷಣ ತುಳಿಯದೆ ಒಂದು ಕಾರ್ ಉದ್ದ ಮೆಲ್ಲಗೆ ಬಿಟ್ಟು ಆಮೇಲೆ ಒತ್ತೋದನ್ನ ಕಲಿತರು. ಮೊದಲ 60 ಅಡಿಯ ಸಮಯ 2.38ರಿಂದ 2.08ಕ್ಕೆ ಬಂತು. ಅಲ್ಲಿ ಉಳಿಸಿದ ಪ್ರತಿ ಹತ್ತನೇ ಒಂದು ಸೆಕೆಂಡು ಕೊನೆಯಲ್ಲಿ ಒಂದೂವರೆ ಪಟ್ಟಾಗಿ ಸಿಗುತ್ತೆ.

ಮೇ ತಿಂಗಳ ಚೀಟಿ: 13.58 ಸೆಕೆಂಡು, 101.8 ಮೈಲಿ, ಡೆನ್ಸಿಟಿ ಆಲ್ಟಿಟ್ಯೂಡ್ 600 ಅಡಿ. ಸೂತ್ರಕ್ಕೆ 333 ಎಚ್‌ಪಿ. ಇದರಲ್ಲಿ ಸ್ವಲ್ಪ ಗೇರ್‌ನ ಪಾಲು, ಎಲ್ಲವೂ ಹೆಡ್‌ನದ್ದಲ್ಲ. ಎರಡು ಓಟದ ಮಧ್ಯೆ ಬಾನೆಟ್ ತೆಗೆದು, ಇನ್‌ಟೇಕ್ ಮೇಲೆ ಐಸ್ ಚೀಲ ಇಟ್ಟು ತಣ್ಣಗೆ ಮಾಡಿದ್ದೂ ಇದೆ, ಅಲ್ಲಿ ಎಲ್ಲರೂ ಮಾಡ್ತಾರೆ. ಎಂಜಿನ್ ತಣ್ಣಗೆ, ಗೇರ್‌ಬಾಕ್ಸ್ ಆಯಿಲ್ ಬಿಸಿ, ಇದೇ ಸರಿ.

ಹೈವೇ ಮೈಲೇಜ್ ಕೂಡ ನೋಡಿದೆವು, 3.23 ಹಾಕಿಕೊಂಡು. ಗ್ಯಾಲನ್‌ಗೆ 11 ಮೈಲಿ ಕೊಡ್ತಿದ್ದದ್ದು ಈಗ 13. ಓಟಕ್ಕೆ ಅಂತ ಮಾಡಿದ ಟೈಮಿಂಗ್, ಎಕ್ಸಾಸ್ಟ್, ಕಂಪ್ರೆಷನ್ ಮೂರೂ ಇಲ್ಲೂ ದುಡಿದವು. ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ (ಹಗುರವಾಗಿ ಓಡುವಾಗ ಕಿಡಿ ಇನ್ನಷ್ಟು ಮೊದಲು ಬೀಳಿಸೋದು) ಮತ್ತೆ ಸಿಕ್ಕಿಸಿದ್ದಕ್ಕೆ ಇದರಲ್ಲಿ ದೊಡ್ಡ ಪಾಲು ಸೇರಬೇಕು. ಯಾರೋ ಪುಣ್ಯಾತ್ಮ ರೇಸ್ ಕಾರಿಗೆ ಬೇಡ ಅಂತ ಅದಕ್ಕೆ ಬಿರಡೆ ಹಾಕಿಟ್ಟಿದ್ದ. ರಸ್ತೆ ಮೇಲೆ ಓಡೋ ಕಾರಿಗೆ ಅದು ಬೇಕೇ ಬೇಕು.

ಇನ್ನು ಉಳಿದಿರೋದು ಟಾರ್ಕ್ ಕನ್ವರ್ಟರ್, ಎಂಜಿನ್ ಶಕ್ತಿಯನ್ನ ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸೋದು. 101.8 ಮೈಲಿಗೆ 3.91 ಗೇರ್, 27.5 ಇಂಚಿನ ಟೈರ್ ಹಾಕಿ ಲೆಕ್ಕ ಮಾಡಿದ್ರೆ ಎಂಜಿನ್ 4860ರಲ್ಲಿ ಇರಬೇಕು. ಗೆರೆ ದಾಟುವಾಗ ಟ್ಯಾಕೋಮೀಟರ್ ತೋರಿಸಿದ್ದು 5250. ಏಳು ಪರ್ಸೆಂಟ್‌ಗಿಂತ ಜಾಸ್ತಿ ಜಾರ್ತಿದೆ, ಅಷ್ಟೂ ಗೇರ್‌ಬಾಕ್ಸ್ ಆಯಿಲ್ ಕಾಯಿಸೋಕೆ ಹೋಗ್ತಿದೆ. ಗಟ್ಟಿ ಕನ್ವರ್ಟರ್ ಇದ್ರೆ ನಾಲ್ಕು ಐದಕ್ಕೆ ತರಬಹುದು. ಟ್ಯಾಕೋಮೀಟರ್ ಹಳೇದು, ಅದನ್ನ ಮೊದಲು ಬೇರೆ ಮೀಟರ್ ಜೊತೆ ತಾಳೆ ನೋಡಿ ಆಮೇಲೆ ಗೇರ್‌ಬಾಕ್ಸ್ ಇಳಿಸೋದು. ಭಾವ ಆಗಲೇ ಕನ್ವರ್ಟರ್ ಕಾರ್ಟ್‌ಗೆ ಹಾಕಿಟ್ಟಿದ್ದಾರೆ.